ಸತ್ತ ಪತ್ರಿಕೆಗೆ ಮುಂಗಡ ದುಡ್ಡು: ಪೋಲೆಂಡ್‌ನ 'ಸೀಕ್ರೆಟ್ ಸರ್ವಿಸ್' ಕಥೆ

ಈ ವಾರದ ಮಾತನ್ನ ಓದೋಕೆ ಅನುಕೂಲ ಆಗೋ ಹಾಗೆ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ. ವಿಡಿಯೊದಲ್ಲಿ ಟೈಮ್ ಸಾಲದೆ ಬಿಟ್ಟುಹೋದ ಒಂದೆರಡು ವಿಷಯಾನೂ ಸೇರಿಸಿದ್ದೀನಿ.

ನಾನು ಪುಣೆಯ ಹಿಂಜವಾಡಿಯಲ್ಲಿ ಕೆಲಸ ಮಾಡೋದು. ನಮ್ಮ ಪ್ರಾಜೆಕ್ಟಿನ ಅರ್ಧ ಟೀಮು ಪೋಲೆಂಡ್‌ನಲ್ಲಿದೆ. ಸಂಜೆ ಕಾಲ್‌ನಲ್ಲಿ ಅಲ್ಲಿನ ಒಬ್ಬ ಸಹೋದ್ಯೋಗಿಯ ಬೆನ್ನ ಹಿಂದೆ ಯಾವಾಗಲೂ ಒಂದು ಕಪಾಟು ಕಾಣುತ್ತೆ. ಅದರ ತುಂಬ ಹಳೇ ಪತ್ರಿಕೆಗಳು. ನಮ್ಮ ಮನೆಗಳಲ್ಲಿ ಸುಧಾ, ತರಂಗ, ಮಯೂರ ಜೋಡಿಸಿಡ್ತಿದ್ರಲ್ಲ, ಹಾಗೆ. ಒಂದು ದಿನ ಕಾಲ್ ಬೇಗ ಮುಗೀತು, ಕೇಳಿಬಿಟ್ಟೆ. ಅವೆಲ್ಲ ವಿಡಿಯೊ ಗೇಮ್ ಪತ್ರಿಕೆಗಳಂತೆ. ಅದರಲ್ಲೊಂದು 2001ರಲ್ಲೇ ನಿಂತುಹೋಗಿತ್ತು. 2014ರಲ್ಲಿ ಅದನ್ನ ಮತ್ತೆ ತರ್ತೀವಿ ಅಂದಾಗ, ಪತ್ರಿಕೆ ಕೈಗೆ ಬರೋ ಮೊದಲೇ ದುಡ್ಡು ಕೊಟ್ಟವರಲ್ಲಿ ಈತನೂ ಒಬ್ಬ.

ಆ ಪತ್ರಿಕೆಯ ಹೆಸರು 'ಸೀಕ್ರೆಟ್ ಸರ್ವಿಸ್'. ಅವತ್ತು ಜನ ಸೇರಿ ಕೊಟ್ಟ ದುಡ್ಡು 2,80,000 ಝ್ಲೋಟಿಗೂ ಜಾಸ್ತಿ. ಆಗಿನ ದರದಲ್ಲಿ ನಮ್ಮ ಐವತ್ತು ಲಕ್ಷ ರೂಪಾಯಿಗಿಂತ ಮೇಲೆ. ಕೇಳಿದ್ದಕ್ಕಿಂತ ಸುಮಾರು ಮೂರು ಪಟ್ಟು. 2014 ಅಂದ್ರೆ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಬಂದಿದ್ದ ಕಾಲ. ಗೇಮ್ ರಿವ್ಯೂ ಬೇಕು ಅಂದ್ರೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಪುಕ್ಕಟೆ ಸಿಗ್ತಿತ್ತು. ಹಾಗಿದ್ದೂ ಜನ ಕಾಗದದ ಪತ್ರಿಕೆಗೆ ಇಷ್ಟು ದುಡ್ಡು ಕೊಟ್ರು. ಬಂದಿದ್ದು ಎರಡೇ ಸಂಚಿಕೆ. ಆಮೇಲೆ ಆ ಹೆಸರಿನಲ್ಲಿ ಮೂರನೆಯದು ಬರಲೇ ಇಲ್ಲ.

ಜನ ದುಡ್ಡು ಕೊಟ್ಟಿದ್ದು ಯಾವುದಕ್ಕೆ? ಅವರಿಗೆ ಸಿಕ್ಕಿದ್ದಾದ್ರೂ ಏನು? ಇದೇ ಇವತ್ತಿನ ವಿಷಯ. ಉತ್ತರ ಸಿಗಬೇಕು ಅಂದ್ರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು. ಗೇಮ್ ಆಡೋ ಅಭ್ಯಾಸ ಇಲ್ಲದವರೂ ಬನ್ನಿ. ಇದು ಗೇಮಿನ ಕಥೆ ಅನ್ನೋದಕ್ಕಿಂತ ಓದುಗರ ಕಥೆ.

ಕಂಪ್ಯೂಟರ್ ಇಲ್ಲದ ದೇಶದಲ್ಲಿ ಕಂಪ್ಯೂಟರ್ ಪತ್ರಿಕೆ

1985ರ ಪೋಲೆಂಡ್ ಕಲ್ಪಿಸಿಕೊಳ್ಳಿ. ಕಮ್ಯುನಿಸ್ಟ್ ಸರ್ಕಾರ. 1981ರ ಡಿಸೆಂಬರ್‌ನಲ್ಲಿ ಹೇರಿದ್ದ ಮಾರ್ಷಲ್ ಲಾ ತೆಗೆದು ಆಗಿನ್ನೂ ಎರಡು ವರ್ಷ. ಯಾವುದೇ ಪತ್ರಿಕೆ ಅಚ್ಚಾಗಬೇಕಾದ್ರೂ ಸೆನ್ಸಾರ್ ಕಚೇರಿಯ ಒಪ್ಪಿಗೆ ಬೇಕು. ಪಶ್ಚಿಮದ ದೇಶಗಳು ಕಮ್ಯುನಿಸ್ಟ್ ದೇಶಗಳಿಗೆ ತಂತ್ರಜ್ಞಾನ ಮಾರೋದಕ್ಕೆ ಕಡಿವಾಣ ಹಾಕಿದ್ವು. ಮನೆಯಲ್ಲಿ ಇಟ್ಟುಕೊಳ್ಳೋ ಚಿಕ್ಕ ಕಂಪ್ಯೂಟರ್‌ಗಳು ಬೇಕಂದ್ರೆ ಎರಡೇ ದಾರಿ. ವಿದೇಶಕ್ಕೆ ಹೋದ ನೆಂಟರು ತರಬೇಕು, ಇಲ್ಲಾಂದ್ರೆ 'ಪೆವೆಕ್ಸ್' ಅಂಗಡಿಗೆ ಹೋಗಬೇಕು.

ಪೆವೆಕ್ಸ್ ಅಂದ್ರೆ ಸರ್ಕಾರವೇ ನಡೆಸ್ತಿದ್ದ ಡಾಲರ್ ಅಂಗಡಿ. ಅಲ್ಲಿ ಝ್ಲೋಟಿ ನಡೆಯೋದಿಲ್ಲ. ಡಾಲರ್ ಇಲ್ಲವೇ ಡಾಲರಿನ ಲೆಕ್ಕದ ಕೂಪನ್ ಕೊಡಬೇಕು. ಎಂಬತ್ತರ ದಶಕದ ನಡುವಿನಿಂದ ಅಲ್ಲಿ ಅಟಾರಿ ಕಂಪ್ಯೂಟರ್ ಸಿಗ್ತಿತ್ತು. ಆದ್ರೆ ಸಾಮಾನ್ಯ ನೌಕರನ ತಿಂಗಳ ಸಂಬಳ ಕಾಳಸಂತೆಯ ದರದಲ್ಲಿ ಇಪ್ಪತ್ತು ಮೂವತ್ತು ಡಾಲರ್ ಆಸುಪಾಸು. ತಿಂಗಳುಗಟ್ಟಲೆ ಕೂಡಿಟ್ಟರೆ ಒಂದು ಕಂಪ್ಯೂಟರ್.

ಇಂಥ ಹೊತ್ತಲ್ಲಿ, 1985ರ ಸೆಪ್ಟೆಂಬರ್‌ನಲ್ಲಿ 'ಬೈಟೆಕ್' ಅನ್ನೋ ಪತ್ರಿಕೆ ಶುರುವಾಯ್ತು. ಪೋಲಿಷ್‌ನಲ್ಲಿ ಹಾಗಂದ್ರೆ 'ಪುಟ್ಟ ಬೈಟ್'. ಮುದ್ದಿನ ಹೆಸರು. ಯುವಜನ ಸಂಘಟನೆಯ ದಿನಪತ್ರಿಕೆಯೊಂದರ ಜತೆಗೆ ಹುಟ್ಟಿದ ಪತ್ರಿಕೆ ಇದು. ವಾಲ್ಡೆಮಾರ್ ಶಿವಿನ್ಸ್ಕಿ ಇದರ ಸಂಪಾದಕರು. ಜನಸಾಮಾನ್ಯರಿಗೆ ಕಂಪ್ಯೂಟರ್ ಪರಿಚಯ ಮಾಡಿಸೋದೇ ಇದರ ಕೆಲಸ.

ಇಲ್ಲೊಂದು ತಮಾಷೆ ನೋಡಿ. ಕೊಂಡು ಓದೋರಲ್ಲಿ ಎಷ್ಟೋ ಜನರ ಹತ್ರ ಕಂಪ್ಯೂಟರೇ ಇರ್ಲಿಲ್ಲ! ಆದ್ರೂ ಓದ್ತಿದ್ರು. ಪತ್ರಿಕೆಯಲ್ಲಿ ಪುಟಗಟ್ಟಲೆ ಪ್ರೋಗ್ರಾಂ ಅಚ್ಚಾಗ್ತಿತ್ತು. ಕಂಪ್ಯೂಟರ್ ಇದ್ದವರು ಅದನ್ನ ಸಾಲುಸಾಲಾಗಿ ಟೈಪ್ ಮಾಡಬೇಕು. ಎಲ್ಲೋ ಒಂದು ಅಂಕಿ ತಪ್ಪಿದ್ರೆ ಓಡಲ್ಲ, ಮತ್ತೆ ಮೊದಲಿಂದ ಹುಡುಕಬೇಕು. ಡೀಬಗ್ ಮಾಡೋದು ಅಂದ್ರೆ ಏನು ಅಂತ ಒಂದು ಇಡೀ ತಲೆಮಾರು ಹೀಗೇ ಕಲೀತು. ಬೇರೆ ಬೇರೆ ಕಂಪ್ಯೂಟರ್ ಇದ್ದವರಿಗೆ ಬೇರೆ ಬೇರೆ 'ಕ್ಲಾನ್' ಪುಟಗಳು: ಅಟಾರಿ ಕ್ಲಾನ್, ಕಮಡೋರ್ ಕ್ಲಾನ್, ಸ್ಪೆಕ್ಟ್ರಮ್ ಕ್ಲಾನ್. ನಮ್ಮಲ್ಲಿ ರಾಜ್‌ಕುಮಾರ್ ಅಭಿಮಾನಿ, ವಿಷ್ಣು ಅಭಿಮಾನಿ ಅಂತ ಇರ್ತಿದ್ರಲ್ಲ, ಹಂಗೇ ಅಂದ್ಕೊಳ್ಳಿ.

ಇನ್ನೊಂದು ವಿಷಯ ಕೇಳಿದ್ರೆ ಇವತ್ತಿನ ಹುಡುಗ್ರು ನಂಬಲ್ಲ. ಆಗ ಪ್ರೋಗ್ರಾಂಗಳು ಕ್ಯಾಸೆಟ್ಟಿನಲ್ಲಿ ಇರ್ತಿದ್ವು, ಹಾಡಿನ ಕ್ಯಾಸೆಟ್ಟೇ. ಪ್ರೋಗ್ರಾಂ ಅಂದ್ರೆ ಆ ಟೇಪಿನ ಮೇಲಿನ ಕೀರಲು ಸದ್ದು. ಹಾಗಾಗಿ ಪೋಲೆಂಡ್‌ನ ರೇಡಿಯೊದಲ್ಲಿ ಆ ಸದ್ದನ್ನೇ ಪ್ರಸಾರ ಮಾಡ್ತಿದ್ರು. ಮನೆಯಲ್ಲಿ ಟೇಪ್ ರೆಕಾರ್ಡರ್ ಆನ್ ಮಾಡಿ ಹಿಡ್ಕೊಂಡ್ರೆ ಮುಗೀತು, ಸಾಫ್ಟ್‌ವೇರ್ ಡೌನ್‌ಲೋಡ್ ಆದ ಹಾಗೆ. ಎಂಬತ್ತರ ದಶಕದಲ್ಲೇ ವೈರ್‌ಲೆಸ್ ಡೌನ್‌ಲೋಡ್!

ಗೇಮ್ ಪತ್ರಿಕೆ ಹುಟ್ಟಿದ್ದು

ಬೈಟೆಕ್‌ನಲ್ಲಿ ಗೇಮ್‌ಗಳಿಗೆ ಅಂತ ಕೆಲವೇ ಪುಟ ಮೀಸಲು. ಆದ್ರೆ ಜನ ಪತ್ರಿಕೆ ಕೈಗೆ ಬಂದ ತಕ್ಷಣ ತೆಗೀತಿದ್ದಿದ್ದು ಅದೇ ಪುಟಗಳನ್ನ. ನಾವು ಪೇಪರ್ ಬಂದ ಕೂಡಲೇ ಕೊನೇ ಪುಟದ ಕ್ರಿಕೆಟ್ಟಿಗೆ ಹೋಗ್ತಿದ್ವಲ್ಲ, ಹಂಗೆ. ಆ ಪುಟಗಳಿಂದಲೇ 1990ರಲ್ಲಿ ಬೇರೆ ಪತ್ರಿಕೆ ಹುಟ್ಟಿತು: 'ಟಾಪ್ ಸೀಕ್ರೆಟ್'. ಬರೀ ಗೇಮ್‌ಗಳಿಗೇ ಮೀಸಲಾದ ಪತ್ರಿಕೆ.

ಇಸವಿ ಗಮನಿಸಿ. 1989ರ ಜೂನ್ ಚುನಾವಣೆಯಲ್ಲಿ ಕಮ್ಯುನಿಸ್ಟರು ಸೋತಿದ್ರು. 1990ರ ಏಪ್ರಿಲ್‌ನಲ್ಲಿ ಸೆನ್ಸಾರ್ ಕಾನೂನೇ ರದ್ದಾಯ್ತು. ಅದೇ ವರ್ಷ ಸರ್ಕಾರದ ಗುಪ್ತಚರ ಪೊಲೀಸ್ ವಿಭಾಗವನ್ನೂ ಮುಚ್ಚಿದ್ರು. ನಿಜವಾದ ಸೀಕ್ರೆಟ್ ಪೊಲೀಸ್ ಹೋದ ವರ್ಷವೇ ಅಂಗಡಿಯಲ್ಲಿ 'ಟಾಪ್ ಸೀಕ್ರೆಟ್' ಅಂತ ಮಕ್ಕಳ ಕೈಗೆ ಪತ್ರಿಕೆ ಬಂತು. ಕಾಕತಾಳೀಯ ಇರಬಹುದು, ಆದ್ರೆ ನನಗಂತೂ ಇದು ಬಹಳ ಇಷ್ಟವಾದ ಕಾಕತಾಳೀಯ.

ಮೂರು ವರ್ಷ ಕಳೀತು. ಟಾಪ್ ಸೀಕ್ರೆಟ್‌ಗೆ 'ಮಾರ್ಟಿನೆಜ್' ಅನ್ನೋ ಅಡ್ಡಹೆಸರಿನಲ್ಲಿ ಬರೀತಿದ್ದ ಮಾರ್ಚಿನ್ ಪ್ಶಸ್ನಿಸ್ಕಿ ಮತ್ತು 'ಪೆಗಾಸ್ ಆಸ್' ಅಂತ ಬರೀತಿದ್ದ ವಾಲ್ಡೆಮಾರ್ ನೋವಾಕ್ ಸೇರಿ 1993ರಲ್ಲಿ ಹೊಸ ಪತ್ರಿಕೆ ಶುರು ಮಾಡಿದ್ರು. ಅದೇ 'ಸೀಕ್ರೆಟ್ ಸರ್ವಿಸ್'. ಅದೇ ವರ್ಷ 'ಗ್ಯಾಂಬ್ಲರ್' ಅನ್ನೋ ಇನ್ನೊಂದು ಪತ್ರಿಕೆಯೂ ಬಂತು. ನೋಡ್ತಾ ನೋಡ್ತಾ ಗೇಮ್ ಪತ್ರಿಕೆಗಳ ಸಾಲೇ ನಿಂತಿತು.

ಆಗ ಅಲ್ಲಿ ಹಣದುಬ್ಬರ ಎಷ್ಟಿತ್ತು ಅಂದ್ರೆ, ಪತ್ರಿಕೆಯ ಬೆಲೆ ಸಾವಿರಗಳಲ್ಲಿ! 1995ರ ಜನವರಿ 1ರಂದು ಸರ್ಕಾರ ಹತ್ತು ಸಾವಿರ ಹಳೇ ಝ್ಲೋಟಿಗೆ ಒಂದು ಹೊಸ ಝ್ಲೋಟಿ ಅಂತ ಮಾಡಿತು. ನಾಲ್ಕು ಸೊನ್ನೆ ಒಂದೇ ರಾತ್ರಿಗೆ ಮಾಯ. ದೇಶದ ದುಡ್ಡು ಹೀಗೆ ಅಲ್ಲಾಡ್ತಿದ್ದಾಗಲೂ ಹುಡುಗ್ರು ಪಾಕೆಟ್ ಮನಿ ಉಳಿಸಿ ಪತ್ರಿಕೆ ಕೊಳ್ತಿದ್ರು. ರಸ್ತೆಬದಿಯ 'ರುಖ್' ಗೂಡಂಗಡಿಗಳಲ್ಲಿ ಹಿಂದಿನಿಂದಲೂ ಒಂದು ಪದ್ಧತಿ ಇತ್ತು. ಖಾಯಂ ಗಿರಾಕಿಯ ಹೆಸರು ಬರೆದ ಒಂದು ಫೈಲು, ಅದರೊಳಗೆ ಆತನ ಪತ್ರಿಕೆ ಎತ್ತಿಡೋದು. ನಮ್ಮೂರು ದಾವಣಗೆರೆಯಲ್ಲಿ ಬಸ್ ಸ್ಟ್ಯಾಂಡ್ ಹತ್ರದ ಪೇಪರ್ ಅಂಗಡಿಯವರು ನಮ್ಮಪ್ಪಂಗೆ ದೀಪಾವಳಿ ವಿಶೇಷಾಂಕ ಎತ್ತಿಡ್ತಿದ್ರು, ಅದು ನೆನಪಾಯ್ತು.

ಕಾಪಿ ಗೇಮು, ಸ್ವಂತ ಮಾತು

ಈಗ ಸ್ವಲ್ಪ ಮುಜುಗರದ ಸಂಗತಿ. ಪತ್ರಿಕೆಗಳು ಬರೀತಿದ್ದ ಗೇಮ್‌ಗಳು ಎಲ್ಲಿಂದ ಬರ್ತಿದ್ವು? ಬಹುಪಾಲು ಕಾಪಿ. ವಾರ್ಸಾದ ಗ್ಷಿಬೋವ್ಸ್ಕಾ ರಸ್ತೆಯ ಒಂದು ಶಾಲೆಯಲ್ಲಿ ವಾರಾಂತ್ಯದಲ್ಲಿ ಕಂಪ್ಯೂಟರ್ ಸಂತೆ ಸೇರ್ತಿತ್ತು. ಮೇಜು ಹಾಕ್ಕೊಂಡು ಕ್ಯಾಸೆಟ್, ಫ್ಲಾಪಿ ಮಾರೋರು, ಅಲ್ಲೇ ಕಾಪಿ ಮಾಡಿಕೊಡೋರು. ಡೆಲ್ಲಿಯವರಿಗೆ ನೆಹರೂ ಪ್ಲೇಸ್, ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಅಂದ್ರೆ ಸಾಕು, ಮತ್ತೆ ವಿವರಿಸೋದು ಬೇಡ.

ಇದು ಕಳ್ಳತನ ಅಲ್ವಾ ಅಂತ ಕೇಳಬಹುದು. ಮಾಡಿದವರಿಗೆ ಸೇರಬೇಕಾದ ದುಡ್ಡು ಸೇರ್ತಿರ್ಲಿಲ್ಲ, ಅದು ನಿಜ. ಆದ್ರೆ ಪೋಲೆಂಡ್‌ನಲ್ಲಿ ಸಾಫ್ಟ್‌ವೇರ್‌ಗೆ ಸರಿಯಾದ ರಕ್ಷಣೆ ಕೊಟ್ಟ ಕಾಪಿರೈಟ್ ಕಾನೂನು ಬಂದಿದ್ದೇ 1994ರ ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ ಅಸಲಿ ಗೇಮ್ ಕೊಳ್ಳೋಣ ಅಂದ್ರೂ ಮಾರೋ ಅಂಗಡಿ ಬೆರಳೆಣಿಕೆಯಷ್ಟು.

ಸಂತೆಯಲ್ಲಿ ಸಿಕ್ಕ ಕಾಪಿ ಗೇಮಿಗೆ ಡಬ್ಬಿ ಇಲ್ಲ, ಕೈಪಿಡಿ ಇಲ್ಲ. ಎಲ್ಲ ಇಂಗ್ಲಿಷ್‌ನಲ್ಲಿ. ಶಾಲೆಗಳಲ್ಲಿ ವರ್ಷಗಟ್ಟಲೆ ಕಡ್ಡಾಯವಾಗಿ ಕಲಿಸಿದ್ದು ರಷ್ಯನ್. ಮನೆಗೆ ತಂದು ಹಾಕಿದ್ರೆ ಪರದೆ ಮೇಲೆ ಏನು ಬರೆದಿದೆ ಅಂತಾನೇ ಗೊತ್ತಾಗಲ್ಲ. ಯಾವ ಬಟನ್ ಒತ್ತಬೇಕು, ಎಲ್ಲಿಗೆ ಹೋಗಬೇಕು, ಈ ರಾಜಕುಮಾರಿ ಯಾರು, ಏನೂ ತಿಳಿಯಲ್ಲ.

ಇಲ್ಲಿ ಪತ್ರಿಕೆ ಕೆಲಸಕ್ಕೆ ಬಂತು. ಗೇಮಿನ ಕಥೆ, ಆಡೋ ವಿಧಾನ, ಹಂತಹಂತದ ದಾರಿ, ಮಧ್ಯದ ಪುಟದಲ್ಲಿ ನಕ್ಷೆ, ಎಲ್ಲ ಪೋಲಿಷ್‌ನಲ್ಲಿ. ನಿಜ ಹೇಳಬೇಕಂದ್ರೆ ಆ ಗೇಮಿನ ಕೈಪಿಡಿಯೇ ಪತ್ರಿಕೆ. ಪತ್ರಿಕೆ ಇಲ್ಲದಿದ್ರೆ ಎಷ್ಟೋ ಗೇಮು ಬರೀ ಬಣ್ಣಬಣ್ಣದ ಚುಕ್ಕಿಗಳಾಗಿ ಉಳೀತಿತ್ತು.

ಹೀಗೆ ತಿಂಗಳು ತಿಂಗಳು ಬರೀತಾ ಬರೀತಾ ಭಾಷೆಯೂ ಬೆಳೀತು. ಗುಂಡು ಹಾರಿಸೋ ಗೇಮಿಗೆ 'ಸ್ತ್ಶೆಲಾಂಕಾ', ಹೊಡೆದಾಟದ ಗೇಮಿಗೆ 'ಬಿಯಾತಿಕಾ', ಸಾಹಸದ ಕಥೆಯ ಗೇಮಿಗೆ 'ಪ್ಶಿಗೊದುಫ್ಕಾ'. ಮೂರೂ ಅಪ್ಪಟ ಪೋಲಿಷ್ ಮಾತು. ಯಾವ ಪಂಡಿತರ ಸಮಿತಿಯೂ ಕೂತು ಮಾಡಿದ್ದಲ್ಲ. ಆಡೋರು ಆಡಿದ್ರು, ಬರೆಯೋರು ಬರೆದ್ರು, ನಿಂತುಬಿಡ್ತು. ನಾವೂ ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸೋ ವಿಡಿಯೊ ಗೇಮ್‌ನಲ್ಲಿ 'ಗಾಡಿ ಗೇಮು', 'ಹೊಡೆದಾಟದ ಗೇಮು', 'ಗನ್ನಿನ ಗೇಮು' ಅಂತಿದ್ವಲ್ಲ! ಅದೂ ಪದವೇ. ನಮ್ಮಲ್ಲಿ ಅದನ್ನ ಹಿಡಿದು ಪ್ರತಿ ತಿಂಗಳು ಅಚ್ಚು ಹಾಕೋ ಪತ್ರಿಕೆ ನನ್ನ ಕೈಗೆ ಸಿಗಲಿಲ್ಲ, ಅಷ್ಟೇ ವ್ಯತ್ಯಾಸ.

ಸೀಕ್ರೆಟ್ ಸರ್ವಿಸ್‌ನ ಬರಹಗಾರರು ಅಡ್ಡಹೆಸರಿನಲ್ಲಿ ಬರೀತಿದ್ರು. ಒಬ್ಬೊಬ್ಬರಿಗೂ ಒಂದು ರುಚಿ, ಒಂದು ಹಟ. ಹೊಡೆದಾಟದ ಗೇಮ್‌ಗಳಿಗೇ ಮೀಸಲಾದ 'ಕಾಂಬ್ಯಾಟ್ ಕಾರ್ನರ್' ಅನ್ನೋ ಅಂಕಣ ಇತ್ತು. ಓದುಗರ ಪತ್ರಗಳಿಗೆ ಉತ್ತರ, ಜಗಳ, ತಮಾಷೆ. ಸಣ್ಣ ಊರಲ್ಲಿ ಒಬ್ಬನೇ ಕೂತು ಗೇಮ್ ಆಡೋ ಹುಡುಗನಿಗೆ 'ನನ್ನ ಹಾಗೇ ಹುಚ್ಚಿರೋರು ಇನ್ನೂ ಇದ್ದಾರೆ' ಅಂತ ಗೊತ್ತಾಗಿದ್ದೇ ಈ ಪುಟಗಳಿಂದ. ಗೇಮ್ ಬೇಕಂದ್ರೆ ಸಂತೆಯಲ್ಲಿ ಸಿಗ್ತಿತ್ತು. ಅದರ ಬಗ್ಗೆ ತನ್ನ ಮಾತಿನಲ್ಲಿ ಮಾತಾಡೋ ಜನ ಬೇಕಂದ್ರೆ ಪತ್ರಿಕೆಯೇ ಗತಿ.

ಡಿಸ್ಕು ಬಂತು, ಲೆಕ್ಕ ಬದಲಾಯ್ತು

1996ರ ಏಪ್ರಿಲ್‌ನಲ್ಲಿ ವ್ರೊತ್ಸ್ವಾಫ್ ಅನ್ನೋ ಊರಿಂದ (ಬರೆಯೋದು ಒಂದು ಥರ, ಓದೋದು ಇನ್ನೊಂದು ಥರ, ನನಗೂ ಕಲಿಯೋಕೆ ಒಂದು ತಿಂಗಳಾಯ್ತು) 'ಸಿಡಿ-ಆ್ಯಕ್ಷನ್' ಅನ್ನೋ ಪತ್ರಿಕೆ ಬಂತು. ಹೆಸರೇ ಹೇಳುತ್ತೆ, ಜತೆಗೆ ಒಂದು ಸಿಡಿ. ಮೊದಲು ಡೆಮೊಗಳು, ಆಮೇಲೆ ಪೂರ್ತಿ ಗೇಮೇ ಕೊಡೋಕೆ ಶುರು ಮಾಡಿದ್ರು.

ಅದೇ 1996ರಲ್ಲಿ ಪೋಲೆಂಡ್‌ನ ಟೆಲಿಫೋನ್ ಕಂಪನಿ ಯಾರು ಬೇಕಾದ್ರೂ ಮೋಡೆಮ್‌ನಿಂದ ಡಯಲ್ ಮಾಡಿ ಇಂಟರ್‌ನೆಟ್‌ಗೆ ಹೋಗಬಹುದಾದ ನಂಬರ್ ಕೊಟ್ಟಿತು. ಆದ್ರೆ ಬಿಲ್ಲು ನಿಮಿಷದ ಲೆಕ್ಕ, ವೇಗ ಆಮೆಯ ಲೆಕ್ಕ. 650 ಎಂಬಿ ಇಳಿಸಿಕೊಳ್ಳೋದು ಕನಸಿನ ಮಾತು. ಗೂಡಂಗಡಿಯಲ್ಲಿ ಸಿಗೋ ಸಿಡಿಯೇ ಆ ಕಾಲದ ಬ್ರಾಡ್‌ಬ್ಯಾಂಡ್. ಪತ್ರಿಕೆಯ ಬೆಲೆಗೆ ಅಸಲಿ ಗೇಮ್ ಸಿಗುತ್ತೆ ಅಂದ್ರೆ ಕಾಪಿ ಯಾಕೆ ಬೇಕು?

ಇಲ್ಲಿ ನಮಗೂ ಅವರಿಗೂ ಒಂದು ನಿಜವಾದ ಕೊಂಡಿ ಇದೆ. ಸಿಡಿ-ಆ್ಯಕ್ಷನ್ ಸ್ವಲ್ಪ ವರ್ಷ 'ವೋಗೆಲ್' ಅನ್ನೋ ಜರ್ಮನ್ ಪ್ರಕಾಶನದ ಕೈಯಲ್ಲಿತ್ತು. 'ಚಿಪ್' ಪತ್ರಿಕೆಯ ಮೂಲವೂ ಅದೇ ವೋಗೆಲ್. ಆ ಚಿಪ್‌ನ ಭಾರತದ ಆವೃತ್ತಿ ತೊಂಬತ್ತರ ದಶಕದ ಕೊನೆಯಲ್ಲಿ ಮುಂಬೈಯಿಂದ ಬರ್ತಿತ್ತು. 2001ರಲ್ಲಿ ಅದೇ 'ಡಿಜಿಟ್' ಆಯ್ತು. ನಿಮ್ಮಲ್ಲಿ ಎಷ್ಟು ಜನ ಡಿಜಿಟ್ ಸಿಡಿಗೋಸ್ಕರ ತಿಂಗಳ ಮೊದಲ ವಾರ ಪೇಪರ್ ಅಂಗಡಿಗೆ ಎರಡೆರಡು ಸಲ ಹೋಗಿ ಬಂದಿದ್ದೀರಿ? ನಾನಂತೂ ಹೋಗಿದ್ದೀನಿ. 'ಇನ್ನೂ ಬಂದಿಲ್ಲ ತಮ್ಮಾ, ನಾಳೆ ಬಾ' ಅಂತಿದ್ರು. ವ್ರೊತ್ಸ್ವಾಫ್‌ನ ಹುಡುಗನೂ ದಾವಣಗೆರೆಯ ಹುಡುಗನೂ ಕಾಯ್ತಿದ್ದಿದ್ದು ಒಂದೇ ಥರದ ಡಿಸ್ಕಿಗೆ. ಒಂದೇ ವ್ಯತ್ಯಾಸ, ಅವನು ಓದಿದ್ದು ಅವನ ಮಾತಿನಲ್ಲಿ, ನಾನು ಓದಿದ್ದು ಇಂಗ್ಲಿಷ್‌ನಲ್ಲಿ. ಅರ್ಧ ಅರ್ಥ ಆಗ್ತಿರ್ಲಿಲ್ಲ, ಆದ್ರೂ ಬಿಡ್ತಿರ್ಲಿಲ್ಲ.

ಡಿಸ್ಕಿನ ಪೈಪೋಟಿ ಶುರುವಾದ ಮೇಲೆ ಪತ್ರಿಕೆ ನಡೆಸೋದು ದುಬಾರಿಯಾಯ್ತು. ಪೂರ್ತಿ ಗೇಮ್ ಕೊಡಬೇಕಂದ್ರೆ ಲೈಸೆನ್ಸ್‌ಗೆ ದುಡ್ಡು ಬೇಕು. ಓದುಗ ಅಂಗಡಿಯಲ್ಲಿ ಮೊದಲು ಡಿಸ್ಕಿನ ಮೇಲಿನ ಹೆಸರು ನೋಡ್ತಾನೆ, ಆಮೇಲೆ ಪತ್ರಿಕೆ. ದೊಡ್ಡ ಬಂಡವಾಳ ಇದ್ದವರು ಉಳಿದ್ರು, ಇಲ್ಲದವರು ಒಬ್ಬೊಬ್ಬರಾಗಿ ಹೋದ್ರು. ಬೈಟೆಕ್, ಟಾಪ್ ಸೀಕ್ರೆಟ್ ಎರಡೂ 1996ರಲ್ಲೇ ನಿಂತವು. ಗ್ಯಾಂಬ್ಲರ್ 1999ರಲ್ಲಿ. 1997ರಲ್ಲಿ ಶುರುವಾಗಿದ್ದ 'ರಿಸೆಟ್' 2001ರಲ್ಲಿ. ಅದೇ 2001ರಲ್ಲಿ, 95ನೇ ಸಂಚಿಕೆಯ ನಂತರ ಸೀಕ್ರೆಟ್ ಸರ್ವಿಸ್ ಕೂಡ ನಿಂತಿತು.

ಓದುಗರು ಏನಾದ್ರು?

ಪತ್ರಿಕೆಗಳು ನಿಂತ್ರೂ ಓದುಗರು ಎಲ್ಲೂ ಹೋಗಲಿಲ್ಲ. ಅವರು ದೊಡ್ಡವರಾದ್ರು.

1994ರಲ್ಲಿ ಇಬ್ಬರು ಹೈಸ್ಕೂಲ್ ಗೆಳೆಯರು, ಮಾರ್ಚಿನ್ ಇವಿನ್ಸ್ಕಿ ಮತ್ತು ಮಿಹಾವ್ ಕಿಚಿನ್ಸ್ಕಿ, 'ಸಿಡಿ ಪ್ರಾಜೆಕ್ಟ್' ಅನ್ನೋ ಕಂಪನಿ ಶುರು ಮಾಡಿದ್ರು. ಇವಿನ್ಸ್ಕಿ ಅದಕ್ಕೂ ಮೊದಲು ಆ ಗ್ಷಿಬೋವ್ಸ್ಕಾ ಸಂತೆಯಲ್ಲೇ ಗೇಮ್ ಮಾರಿದ ಹುಡುಗ. ಕಂಪನಿಯ ಮೊದಲ ಕೆಲಸ ವಿದೇಶದಿಂದ ಅಸಲಿ ಸಿಡಿ ತರಿಸಿ ಮಾರೋದು. 1999ರಲ್ಲಿ 'ಬಾಲ್ಡರ್ಸ್ ಗೇಟ್' ಅನ್ನೋ ದೊಡ್ಡ ಗೇಮನ್ನ ಪೂರ್ತಿ ಪೋಲಿಷ್‌ಗೆ ತಂದ್ರು. ಅಲ್ಲಿನ ಹೆಸರಾಂತ ನಟ ಪಿಯೋತ್ರ್ ಫ್ರೊಂಚೆವ್ಸ್ಕಿ ದನಿ ಕೊಟ್ರು. ಕಾಪಿಗೆ ಒಗ್ಗಿದ ಜನ ಅಸಲಿ ಡಬ್ಬಿ ಕೊಂಡ್ರು. ತಮ್ಮ ಮಾತಿನಲ್ಲಿ, ಅಂದವಾಗಿ ಕೊಟ್ರೆ ಜನ ಯಾಕೆ ಕೊಳ್ಳಲ್ಲ?

ಅದಕ್ಕೂ ಮುಂಚೆ 1993ರಲ್ಲಿ ಆದ್ರಿಯಾನ್ ಹ್ಮಿಯೆಲಾಶ್ ಅವರ ತಂಡ 'ತಾಯೆಮ್ನಿತ್ಸಾ ಸ್ತಾತುಯೆಟ್ಕಿ' ಅಂತ ಒಂದು ಸಾಹಸದ ಗೇಮ್ ಮಾಡಿತ್ತು. ಹೆಸರಿನ ಅರ್ಥ 'ಪುಟ್ಟ ಪ್ರತಿಮೆಯ ರಹಸ್ಯ'. ಚಿತ್ರ ಬರೆಯೋ ಬದಲು ಫ್ರಾನ್ಸ್‌ನ ಕಡಲತೀರದಲ್ಲಿ ತೆಗೆದ ಫೋಟೊಗಳನ್ನೇ ಹಾಕಿದ್ರು. ಇಂಗ್ಲಿಷ್ ಗೇಮ್‌ಗಳ ಮುಂದೆ ಸಾದಾ ಅನ್ನಿಸೋ ಗೇಮು. ಆದ್ರೆ ಇಡೀ ಗೇಮು ಪೋಲಿಷ್‌ನಲ್ಲಿತ್ತು, ಜನ ಮುಗಿಬಿದ್ದು ಕೊಂಡ್ರು.

ಈ ಕಥೆಯಲ್ಲಿ ಪತ್ರಿಕೆಯ ಪಾತ್ರ ಇನ್ನೂ ಒಂದು ಕಡೆ ಬರುತ್ತೆ. 'ಫಾಂತಾಸ್ತಿಕಾ' ಅನ್ನೋ ಸೈನ್ಸ್ ಫಿಕ್ಷನ್ ಮಾಸಪತ್ರಿಕೆ ಒಂದು ಕಥಾಸ್ಪರ್ಧೆ ಮಾಡಿತ್ತು. ಅದರಲ್ಲಿ ಮೂರನೇ ಬಹುಮಾನ ಬಂದ ಕಥೆ 1986ರ ಡಿಸೆಂಬರ್ ಸಂಚಿಕೆಯಲ್ಲಿ ಅಚ್ಚಾಯ್ತು. ಬರೆದವರು ಆಂದ್ಜೆಯ್ ಸಪ್ಕೊವ್ಸ್ಕಿ, ಕಥೆಯ ಹೆಸರು 'ವಿಯೆಜ್ಮಿನ್'. ಇಂಗ್ಲಿಷ್‌ನಲ್ಲಿ ಅದೇ 'ದಿ ವಿಚರ್'. 2007ರಲ್ಲಿ ಸಿಡಿ ಪ್ರಾಜೆಕ್ಟ್ ಅದನ್ನ ಗೇಮ್ ಮಾಡಿತು. 2011ರಲ್ಲಿ ಒಬಾಮ ವಾರ್ಸಾಗೆ ಬಂದಾಗ ಪ್ರಧಾನಿ ಡೊನಾಲ್ಡ್ ಟುಸ್ಕ್ ಕೊಟ್ಟ ಉಡುಗೊರೆಗಳಲ್ಲಿ ವಿಚರ್‌ನ ಎರಡನೇ ಭಾಗವೂ ಇತ್ತು. ಆಮೇಲಿನದ್ದು ನೆಟ್‌ಫ್ಲಿಕ್ಸ್ ನೋಡೋರಿಗೆಲ್ಲ ಗೊತ್ತು.

ಪತ್ರಿಕೆ ಇದ್ದಿದ್ದಕ್ಕೇ ಈ ಉದ್ಯಮ ಬೆಳೀತು ಅಂತ ನಾನು ಹೇಳ್ತಿಲ್ಲ. ಗಣಿತದ ಒಳ್ಳೆ ಪಾಠ, ಕಡಿಮೆ ಸಂಬಳದ ಎಂಜಿನಿಯರ್‌ಗಳು, ತೆರೆದುಕೊಂಡ ಮಾರುಕಟ್ಟೆ, ಇವೆಲ್ಲವೂ ಇವೆ. ಆದ್ರೆ ಗೇಮ್ ಮಾಡೋಕೆ ಕೂತವನಿಗೆ 'ಇದನ್ನ ನನ್ನ ಭಾಷೆಯಲ್ಲಿ ಮಾತಾಡಬಹುದು, ಇದರ ಬಗ್ಗೆ ಗಂಭೀರವಾಗಿ ಬರೀಬಹುದು' ಅನ್ನೋ ಧೈರ್ಯ ಹದಿಮೂರನೇ ವಯಸ್ಸಿಗೇ ಬಂದಿತ್ತು. ಅದು ಸಣ್ಣ ವಿಷಯ ಅಲ್ಲ.

2014: ಹೆಸರು ಯಾರದು?

ಈಗ ಮೊದಲ ಪ್ರಶ್ನೆಗೆ ಬರೋಣ. 2014ರಲ್ಲಿ ಹಳೇ ಸೀಕ್ರೆಟ್ ಸರ್ವಿಸ್‌ನ ನಂಟಿದ್ದ ಪಿಯೋತ್ರ್ ಮಾಂಕೊವ್ಸ್ಕಿ ಮತ್ತು ಗೆಳೆಯರು ಅದನ್ನ ಮತ್ತೆ ತರೋಣ ಅಂತ ಹೊರಟ್ರು. 'ಪೊಲಾಕ್ ಪೊತ್ರಾಫಿ' ಅನ್ನೋ ಕ್ರೌಡ್‌ಫಂಡಿಂಗ್ ತಾಣದಲ್ಲಿ ಕೈಚಾಚಿದ್ರು. ಆ ಹೆಸರಿನ ಅರ್ಥ 'ಪೋಲೆಂಡಿನವನ ಕೈಲಿ ಆಗುತ್ತೆ'. ದುಡ್ಡು ಹರಿದುಬಂತು. ಕೊಟ್ಟವರಲ್ಲಿ ಎಷ್ಟೋ ಜನ ಆಗ ಮೂವತ್ತು ದಾಟಿದವರು, ಕೆಲಸದಲ್ಲಿದ್ದವರು, ಒಮ್ಮೆ ಪಾಕೆಟ್ ಮನಿಯಲ್ಲಿ ಪತ್ರಿಕೆ ಕೊಂಡವರು.

ಹೊಸದಾಗಿ 'ಒಂದು' ಅಂತ ಶುರು ಮಾಡಲಿಲ್ಲ. ಹದಿಮೂರು ವರ್ಷದ ಹಿಂದೆ 95ಕ್ಕೆ ನಿಂತಿತ್ತಲ್ಲ, ಹೊಸ ಸಂಚಿಕೆಯ ಮೇಲೆ 96 ಅಂತ ಹಾಕಿದ್ರು. ನನ್ನ ಸಹೋದ್ಯೋಗಿಯ ಕಪಾಟಿನಲ್ಲಿ 95ರ ಪಕ್ಕದಲ್ಲೇ 96 ಇದೆ. ಹದಿಮೂರು ವರ್ಷದ ಅಂತರ, ಕಪಾಟಿನಲ್ಲಿ ಒಂದು ಕೂದಲೆಳೆ.

97ನೆಯದೂ ಬಂತು. ಅಷ್ಟರಲ್ಲಿ ತೊಡಕಾಯ್ತು. ಪತ್ರಿಕೆ ತರ್ತಿದ್ದ ಹೊಸ ಪ್ರಕಾಶನಕ್ಕೆ 'ಸೀಕ್ರೆಟ್ ಸರ್ವಿಸ್' ಅನ್ನೋ ಹೆಸರು ಸ್ವಂತದ್ದಲ್ಲ, ಲೈಸೆನ್ಸ್ ಮೇಲೆ ಪಡೆದದ್ದು. ಹೆಸರಿನ ಹಕ್ಕಿದ್ದ ಕಡೆಯವರಿಗೂ ಪ್ರಕಾಶನಕ್ಕೂ ಹೊಂದಾಣಿಕೆ ಮುರೀತು, ಲೈಸೆನ್ಸ್ ಹೋಯ್ತು. ಬರೆಯೋ ಜನ ಇದ್ದಾರೆ, ಓದುಗರಿದ್ದಾರೆ, ದುಡ್ಡೂ ಬಂದಿದೆ. ಇಲ್ಲದಿರೋದು ಮುಖಪುಟದ ಮೇಲೆ ಹಾಕೋ ಎರಡು ಪದ ಮಾತ್ರ.

ನಾವು ಐಟಿಯವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಕೋಡ್ ಬರೆದವರು ಒಬ್ಬರು, ಬ್ರ್ಯಾಂಡ್ ಇನ್ನೊಬ್ಬರದು. ಒಪ್ಪಂದದ ಒಂದು ಸಾಲು ಸಡಿಲ ಇದ್ರೆ ವರ್ಷಗಳ ಕೆಲಸ ಬೀದಿಗೆ. ಅದರಲ್ಲೂ ಇಲ್ಲಿ ಸಾಮಾನ್ಯ ಓದುಗರು ನಂಬಿ ಮುಂಗಡ ಕೊಟ್ಟಿದ್ದ ದುಡ್ಡಿತ್ತು. ಸಿಟ್ಟು ಬರೋದು ಸಹಜ, ಬಂತು ಕೂಡ.

ಆ ತಂಡ ಬರೆಯೋದು ಬಿಡಲಿಲ್ಲ. 2015ರಲ್ಲಿ 'ಪಿಕ್ಸೆಲ್' ಅನ್ನೋ ಹೊಸ ಹೆಸರಿನಲ್ಲಿ ಪತ್ರಿಕೆ ತಂದ್ರು. ಈ ಸಲ ಒಂದರಿಂದ ಎಣಿಕೆ. ಬರೆದವರು ಹೆಚ್ಚುಕಮ್ಮಿ ಅವರೇ, ಧಾಟಿ ಅದೇ.

ಹಾಗಾದ್ರೆ ನಿನ್ನ ದುಡ್ಡು ಹೋಯ್ತಾ ಅಂತ ನಾನು ಸಹೋದ್ಯೋಗಿಯನ್ನ ಕೇಳಿದೆ. ಆತ ಹಿಂದೆ ತಿರುಗಿ ಕಪಾಟು ನೋಡಿದ. ಬೇಜಾರಾಗಿತ್ತು, ಆದ್ರೆ ಯಾರ ಬರಹಕ್ಕೆ ಕಾಯ್ತಿದ್ನೋ ಅವರು ಬರೀತಾನೇ ಇದ್ರಲ್ಲ ಅಂದ. ಕಪಾಟಿನಲ್ಲಿ 97ರ ಪಕ್ಕ ಪಿಕ್ಸೆಲ್‌ನ 1 ಇಟ್ಟಿದ್ದಾನೆ. ಮಧ್ಯೆ ಜಾಗ ಬಿಟ್ಟಿಲ್ಲ.

ನನಗೆ ಉತ್ತರ ಅಲ್ಲೇ ಸಿಕ್ತು ಅನ್ನಿಸ್ತು. ಜನ ದುಡ್ಡು ಕೊಟ್ಟಿದ್ದು ತಮ್ಮ ಜತೆ ಮಾತಾಡ್ತಿದ್ದವರು ಮತ್ತೆ ಮಾತಾಡಲಿ ಅಂತ. ಹೆಸರಿನ ಹಕ್ಕು ಕಾಗದದ ಮೇಲೆ ಒಬ್ಬರ ಹತ್ರ ಇರಬಹುದು. ಆ ಮಾತು ಮಾತ್ರ ಆಡಿದವರ ಮತ್ತು ಕೇಳಿದವರ ಜತೆ ಹೋಗುತ್ತೆ.

ಈಗ ಏನಿದೆ?

ಎಲ್ಲ ಮುಗಿದಿಲ್ಲ. ಸಿಡಿ-ಆ್ಯಕ್ಷನ್ ಹಲವು ಮಾಲೀಕರನ್ನ ದಾಟಿ ಈಗಲೂ ಇದೆ, ತಿಂಗಳ ಬದಲು ಮೂರು ತಿಂಗಳಿಗೊಮ್ಮೆ ಬರೋ ದಪ್ಪ ಪತ್ರಿಕೆಯಾಗಿದೆ. 1997ರಲ್ಲಿ ಪ್ಲೇಸ್ಟೇಷನ್ ಆಡೋರಿಗೆ ಅಂತ ಶುರುವಾದ 'ಪಿಎಸ್‌ಎಕ್ಸ್ ಎಕ್ಸ್‌ಟ್ರೀಮ್' ಬಹಳ ಕಾಲ ಬಾಳಿದ ಇನ್ನೊಂದು ಪತ್ರಿಕೆ. ಬೈಟೆಕ್, ಟಾಪ್ ಸೀಕ್ರೆಟ್‌ನ ಹಳೇ ಸಂಚಿಕೆಗಳನ್ನ ಓದುಗರೇ ಸ್ಕ್ಯಾನ್ ಮಾಡಿ ಉಳಿಸಿದ್ದಾರೆ.

ನಾನು ಮಾತ್ರ ಏನೂ ಉಳಿಸಿಲ್ಲ. ಪುಣೆಗೆ ಕೆಲಸಕ್ಕೆ ಬಂದ ವರ್ಷ ದಾವಣಗೆರೆ ಮನೆಯಲ್ಲಿ ಸುಣ್ಣ ಬಣ್ಣ ಮಾಡಿಸಿದ್ರು. ನನ್ನ ಪತ್ರಿಕೆ, ಸಿಡಿ ಎಲ್ಲ ರದ್ದಿಗೆ ಹೋಯ್ತು. ಅಮ್ಮ ಫೋನ್ ಮಾಡಿ ಕೇಳಿದ್ರು, 'ಇವೆಲ್ಲ ಬೇಕೇನೋ?' ಅಂತ. ನಾನೇ ಬೇಡ ಹಾಕಮ್ಮ ಅಂದಿದ್ದೆ. ಯಾರ ತಪ್ಪೂ ಅಲ್ಲ.

ಆದ್ರೆ ಇನ್ನೊಂದು ಯೋಚನೆ ಕಾಡುತ್ತೆ. ನಾವು ಇಷ್ಟು ಜನ ಕನ್ನಡದವರು ಬೇರೆ ಬೇರೆ ಊರಲ್ಲಿ ಕೂತು ಸಾಫ್ಟ್‌ವೇರ್ ಬರೀತೀವಿ. ಕೆಲಸದ ಬಗ್ಗೆ, ಆಡೋ ಗೇಮಿನ ಬಗ್ಗೆ ನಮ್ಮ ಮಾತಿನಲ್ಲಿ ತಿಂಗಳಿಗೆ ಒಂದು ಪುಟ ಬರೆದಿದ್ದೀವಾ? ಪೋಲೆಂಡ್‌ನ ಆ ಹುಡುಗ್ರ ಹತ್ರ ಅಸಲಿ ಗೇಮ್ ಇರ್ಲಿಲ್ಲ, ಒಳ್ಳೇ ಕಾಗದ ಇರ್ಲಿಲ್ಲ, ದುಡ್ಡಿನ ಬೆಲೆ ದಿನಕ್ಕೊಂದು. ಅವರು ಬರೆಯೋಕೆ ಎಲ್ಲ ಸರಿಹೋಗಲಿ ಅಂತ ಕಾಯಲಿಲ್ಲ.

ಇವತ್ತಿಗೆ ಇಷ್ಟು. ನೀವು ಚಿಕ್ಕವರಿದ್ದಾಗ ವಿಡಿಯೊ ಗೇಮ್‌ಗಳಿಗೆ ಕನ್ನಡದಲ್ಲಿ ಏನೇನು ಹೆಸರು ಇಟ್ಟಿದ್ರಿ, ನಿಮ್ಮೂರಿನ ಹೆಸರಿನ ಜತೆ ಬರೆದು ಕಳಿಸಿ. ಹುಬ್ಬಳ್ಳಿಯಲ್ಲಿ ಒಂದು, ಮಂಗಳೂರಿನಲ್ಲಿ ಒಂದು, ಮೈಸೂರಿನಲ್ಲಿ ಇನ್ನೊಂದು ಇದ್ದೇ ಇರುತ್ತೆ. ಸಾಕಷ್ಟು ಬಂದ್ರೆ ಒಂದು ಪಟ್ಟಿ ಮಾಡಿ ಮುಂದಿನ ಮಾತಿನಲ್ಲಿ ಓದ್ತೀನಿ. ಎಲ್ಲಾದ್ರೂ ಅಚ್ಚಾಗಲಿ, ಉಳೀಲಿ.